ಲೀಡ್ಸ್ ಊರಿನ ‘ರಿ’

ಈ ಸಂತಾಪ ಸಭೆಗೆ ಬಂದ ಹಿರಿಯರೇ, ಶಿಕ್ಷಕರೇ, ಮಚ್ಛೇಂದ್ರ ಅವರ ತಾಯಿ ಶೇವಂತಾಬಾಯಿಯವರೇ —

ನಾನು ಲಲಿತಾಬಾಯಿ. ಭಾಲ್ಕಿಯ ದೇಶಮುಖರ ಹಿರಿಸೊಸೆ, ಚಿದ್ರಿಯ ಈ ಶಾಲೆ ಕಟ್ಟಿಸಿದವಳು. ಓದಿದ್ದು ಮ್ಯಾಟ್ರಿಕ್. ನನ್ನೆದುರು ಕುಳಿತು ಮಾತಾಡುವವರು ಕಡಿಮೆ.

ಮಚ್ಛೇಂದ್ರ ಅವರು ಇಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದರು. ಎಕಂಬಾದ ಊರಾಚೆಯ ಕೇರಿಯಿಂದ ಹೊರಟು, ಇಂಗ್ಲೆಂಡಿನ ಉತ್ತರದ ಲೀಡ್ಸ್ ವಿಶ್ವವಿದ್ಯಾಲಯದವರೆಗೆ — ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪೆಟ್ಟಿಗೆಯ ಮೇಲೆ ‘ಬೀದರ, ಹೈದರಾಬಾದ ರಾಜ್ಯ’ ಎಂದು ಬರೆಸಿಕೊಂಡು ಹೋದರು. ಮರಳುವಷ್ಟರಲ್ಲಿ ಬೀದರ ಮೈಸೂರು ರಾಜ್ಯ ಸೇರಿತ್ತು. “ಊರು ಬಿಟ್ಟವ ನಾ, ರಾಜ್ಯ ಬಿಟ್ಟಿದ್ದು ನಮ್ಮೂರು” ಎಂದು ನಗುತ್ತಿದ್ದರು.

ಅಲ್ಲಿಯ ಗ್ರಂಥಾಲಯದ ಮೇಲೆ ದೊಡ್ಡ ಗುಮ್ಮಟವಂತೆ. “ನಮ್ಮ ಗುಮ್ಮಟದ ಕೆಳಗ ಸುಲ್ತಾನರು ಮಲಗ್ಯಾರ್ರಿ. ಅಲ್ಲಿ ಗುಮ್ಮಟದ ಕೆಳಗ ಪುಸ್ತಕ ಎಚ್ಚರ ಅದಾವ” ಎನ್ನುತ್ತಿದ್ದರು. ಶಿಕ್ಷಕರ ಕೋಣೆಯಲ್ಲಿ ನಾವೆಲ್ಲ ಚಹಾ ಮರೆತು ಕೇಳುತ್ತಿದ್ದೆವು.

ಒಮ್ಮೆ ಅಲ್ಲಿ ಬಸ್ಸು ಹತ್ತಿದಾಗ ಟಿಕೆಟು ಕೊಡುವ ಹೆಂಗಸು, “ಎಲ್ಲಿಗೆ, ಲವ್?” ಎಂದಳಂತೆ. ಲವ್ — ಅಂದರೆ ಪ್ರೀತಿಯೇ. ಇವರು ಹೆದರಿ ಎರಡು ಸ್ಟಾಪು ಮೊದಲೇ ಇಳಿದು ಹಿಮದಲ್ಲಿ ನಡೆದರು. ಮರುದಿನ ಅವಳು ಹಿಂದಿನ ಸೀಟಿನ ಮುದುಕನಿಗೂ ಹಾಗೇ ಅಂದಳಂತೆ.

“ಅದು ಅವರ ‘ರಿ’ ನೋಡ್ರಿ, ಬಾಯಿಯವರ. ಎಲ್ಲರಿಗೂ ಹಚ್ಚತಾರ. ಯಾರ ಮನಿಯವ ಅಂತ ಕೇಳಿ ಹಚ್ಚಂಗಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, “ಚಹಾ ಆರ್ತದ ಮಚ್ಛೇಂದ್ರ, ಕುಡಿ” ಎಂದೆ.

ಕುಡಿ ಎಂದೆ — ಕುಡೀರಿ ಎನ್ನಲಿಲ್ಲ. ಗಂಟೆ ಹೊಡೆಯುವ ಜಹೀರೋದ್ದೀನರಿಗೂ ‘ಬರ್ರಿ’ ಅನ್ನುವವಳು ನಾನು. ಇವರಿಗೆ ಹನ್ನೊಂದು ವರ್ಷ ಬಾ, ಹೋಗು, ಕುಡಿ. ಯಾಕೆಂದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಅವರು ಒಂದನೆಯ ಇಯತ್ತೆಯ ಕೂಸಿಗೂ ‘ರಿ’ ಹಚ್ಚಿಯೇ ಮಾತಾಡಿದರು. ನನಗೂ ಹಚ್ಚಿದರು, ಕೊನೆಯ ದಿನದವರೆಗೆ. ಈಗ ‘ಅವರು’ ಎನ್ನುತ್ತಿದ್ದೇನೆ — ಕೇಳಲು ಅವರಿಲ್ಲ.

ಶೇವಂತಾಬಾಯಿಯವರೇ, ನಾನು ಕ್ಷಮೆ ಕೇಳಿ ರೂಢಿಯಿಲ್ಲದವಳು. ಮಾಡಿದ್ದನ್ನು ಹೇಳುತ್ತೇನೆ. ಇಂದು ಮುಂಜಾನೆ ಒಂದನೆಯ ಇಯತ್ತೆಯ ಹಾಜರಿ ನಾನೇ ಕರೆದೆ. ನಲವತ್ತೊಂದು ಮಕ್ಕಳು, ಎಲ್ಲ ಕೇರಿಯವರು. ಪ್ರತಿಯೊಬ್ಬರಿಗೂ, “ಬಂದೀರೇನ್ರಿ?” ಇಲ್ಲಿಯ ಊರಾಚೆಯ ಕೇರಿಯ ಒಬ್ಬ ಹುಡುಗಿ, ಯಾರನ್ನು ಕರೆದೆನೋ ಎಂದು ಹಿಂದೆ ತಿರುಗಿ ನೋಡಿದಳು. “ನಿಮಗೇ ರಿ” ಎಂದೆ. ನಾಳೆಯಿಂದ ಎಲ್ಲ ವರ್ಗಗಳಲ್ಲೂ ಹೀಗೆಯೇ. ಆದೇಶಕ್ಕೆ ಸಹಿ ಮಾಡಿ ಬಂದಿದ್ದೇನೆ.

ಎರಡು ನಿಮಿಷ ಮೌನವಾಗಿ ನಿಲ್ಲೋಣ. ಎಲ್ಲರೂ — ಏಳ್ರಿ.