ಕೋಡಿ ಹಳ್ಳದ ಟ್ರಾನ್ಸ್‌ಫಾರ್ಮರ್

ಹಲೋ... ಹಲೋ, ಯಾರು ಮಾತಾಡೋದು? ಕರೆಂಟ್ ಆಫೀಸಾ? ಇಂಜಿನಿಯರ್ ಗುರುಪ್ರಕಾಶ್ ಅವ್ರಿಗೆ ಕೊಡಿ...

ಓ, ನೀನೇನಾ? ದನಿ ಕೇಳಿ ಯಾರೋ ದೊಡ್ಡ ಮನುಷ್ಯರು ಅಂದ್ಕೊಂಡೆ. ನಾನು ಕಣೋ, ಮಾರಯ್ಯನಪಾಳ್ಯದಿಂದ ಸರ್ವಮಂಗಳಮ್ಮ. ನಿಮ್ಮ ದೊಡ್ಡಮ್ಮ. ಮೊಬೈಲ್ ಎತ್ತಲ್ಲ ಅಂತ ಆಫೀಸ್ ನಂಬರಿಗೆ ಮಾಡ್ದೆ. ಹೆತ್ತಮ್ಮನ ಅಕ್ಕನ ದನಿ ಗುರುತು ಸಿಕ್ಕಲ್ಲ ಅಂದ್ರೆ ಕುರ್ಚಿ ಚೆನ್ನಾಗೇ ಮೆತ್ತಗೈತೆ ಅನ್ಸುತ್ತೆ...

ಊಟ ತಿಂಡಿ ಆಮೇಲೆ ವಿಚಾರ್ಸ್ಕೋ. ಮೊದ್ಲು ನಮ್ಮೂರ ಲೈನ್ ತೆಗ್ಸು, ಈಗ್ಲೇ... ಯಾಕೆ ಅಂದ್ರೆ, ಕೆರೆ ಕೋಡಿ ಬಿದ್ದೈತೆ. ಕೋಡಿ ಹಳ್ಳದಲ್ಲಿ ನೀನೇ ನಿಲ್ಸಿದೀಯಲ್ಲ ಟ್ರಾನ್ಸ್‌ಫಾರ್ಮರ್ರು, ಅದ್ರ ಸುತ್ತ ಸೊಂಟದುದ್ದ ನೀರು. ಆ ನೀರಿಗೆ ಕರೆಂಟ್ ಇಳ್ದೈತೆ...

ಹೆಂಗೆ ಗೊತ್ತಾಯ್ತು ಅಂತೀಯಾ? ಈಗ ತಾನೆ ಓಬಳಯ್ಯನ ಎಮ್ಮೆ ಹಳ್ಳಕ್ಕೆ ಕಾಲಿಟ್ಟಿದ್ದೇ ಅಲ್ಲೇ ಬಿತ್ತು. ಎದ್ದಿಲ್ಲ... ಹಾಂ? ಎಮ್ಮೆಗೆ ವಯಸ್ಸಾಗಿತ್ತಾ ಅಂತ ಕೇಳ್ತೀಯಾ? ಹಾರ್ಟ್ ಅಟ್ಯಾಕ್ ಆಯ್ತು ಅಂತ ಬರ್ಕೋ ಹಂಗಾದ್ರೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಒಕ್ಕಾಲು ಕೊಡ್ಸೋಕೆ ನಿಮ್ಮಮ್ಮ ತುಮಕೂರಲ್ಲಿ ಬಾಡಿಗೆ ಮನೆ ಮಾಡ್ಕೊಂಡು ಒದ್ದಾಡಿದ್ಲು. ಮುಕ್ಕಾಲು ಎಲ್ಲೂ ಸಿಕ್ಕಿಲ್ಲ ಅಂತ ಕಾಣುತ್ತೆ...

ರೂಲ್ಸ್ ಪ್ರಕಾರನೇ ಮಾಡಿದೀಯಾ? ಹೇಳು, ಅದೇನು ರೂಲ್ಸು... ಹಾಂ... ಹಾಂ. ನೆರೆ ಬರೋ ಜಾಗದಲ್ಲಿ ನೀರಿನ ಗುರುತಿಗಿಂತ ಮೇಲೆ ಇಡ್ಬೇಕು. ಸರಿ. ಟ್ರಾನ್ಸ್‌ಫಾರ್ಮರ್ ಮೇಲೇ ಇಟ್ಟಿದೀಯ, ಒಪ್ತೀನಿ. ಹೊಲ ಕಾಯೋರ ಅಟ್ಟದ ಥರ ಎತ್ತರಕ್ಕೆ ಕಟ್ಟಿ ಕೂರ್ಸಿದೀಯ. ಫ್ಯೂಸ್ ಪೆಟ್ಟಿಗೆ ಎಲ್ಲಿಟ್ಟೆ? ಮೊಣಕಾಲುದ್ದಕ್ಕೆ. ಲೈನ್‌ಮನ್ನಿಗೆ ಏಣಿ ಬೇಕಾಗ್ಬಾರ್ದು ಅಂತ. ರೂಲ್ಸಲ್ಲಿ ಟ್ರಾನ್ಸ್‌ಫಾರ್ಮರ್ ಅಂತ ಇತ್ತು, ಪೆಟ್ಟಿಗೆ ಅಂತ ಇರ್ಲಿಲ್ಲ, ಅಲ್ವಾ?...

ಇನ್‌ಸ್ಪೆಕ್ಷನ್ ಆಗೈತಾ? ಆಗೈತೆ, ನಾನೇ ನೋಡಿದೀನಿ. ಬೇಸಿಗೇಲಿ ಬಂದ್ರು, ಹೊಂಗೆ ಮರದ ನೆರಳಲ್ಲಿ ನಿಂತು ಎಳನೀರು ಕುಡಿದ್ರು, ಫೋಟೋ ತೆಗ್ಸ್ಕೊಂಡ್ರು, ಹೋದ್ರು. ಒಬ್ರಾದ್ರೂ ನೀರು ಎಲ್ಲಿವರ್ಗೂ ಬರುತ್ತೆ ಅಂತ ಊರೋರ್ನ ಕೇಳಿದ್ರಾ?...

ಮಳೆ ಜಾಸ್ತಿ ಆಯ್ತಾ? ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ಹೇಮಾವತಿ ನೀರು ಬಿಟ್ಟವ್ರೆ, ಮೇಲಿಂದ ಮಳೆ, ಕೆರೆ ತುಂಬ್ದೆ ಇನ್ನೇನಾಗುತ್ತೆ? ಕಂಬ ನೆಡೋ ದಿನ ನಿಮ್ಮ ದೊಡ್ಡಪ್ಪ ಬಡ್ಕೊಂಡ್ರು, ಇದು ನೀರಿನ ದಾರಿ, ಸ್ಕೂಲ್ ದಿಣ್ಣೆ ಮೇಲೆ ನಿಲ್ಸಪ್ಪಾ ಅಂತ. ನೀನೇನಂದೆ? ಈ ಕೆರೆ ನನ್ನ ಸರ್ವೀಸಲ್ಲಿ ತುಂಬಲ್ಲ ದೊಡ್ಡಪ್ಪ, ಹಳ್ಳ ಸರ್ಕಾರಿ ಖರಾಬು, ಯಾರೂ ತಕರಾರು ಮಾಡಲ್ಲ ಅಂದೆ. ಈಗ ನೀರು ತಕರಾರು ಮಾಡ್ತಾ ಐತೆ, ಅದಕ್ಕೆ ಉತ್ರ ಕೊಡು...

ಶಿವರಾಜ ಬಂದವ್ನೆ. ನಿನ್ನ ಲೈನ್‌ಮನ್ನು. ಏರಿ ಮೇಲೆ ನನ್ನ ಪಕ್ಕದಲ್ಲೇ ಕೂರ್ಸಿದೀನಿ. ಆ ಟ್ರಾನ್ಸ್‌ಫಾರ್ಮರ್ ಒಂದನ್ನೇ ಆಫ್ ಮಾಡೋ ಸ್ವಿಚ್ಚಿನ ಹಿಡಿ ಅದ್ರ ಕಂಬದಲ್ಲೇ ಐತಂತೆ. ನೀರಲ್ಲಿ ಹೋಗಿ ಎಳಿ, ರಬ್ಬರ್ ಬೂಟು ಹಾಕ್ಕೋ ಅಂದ್ಯಂತೆ. ಬೂಟು ಇಲ್ಲೇ ಐತೆ, ನೀನು ಬಾ, ನಿನಗೇ ಹಾಕಿ ಇಳಿಸ್ತೀನಿ... ಆಗಲ್ವಾ? ಹಂಗಾದ್ರೆ ಸಬ್‌ಸ್ಟೇಷನ್ನಲ್ಲೇ ಇಡೀ ಲೈನ್ ಆಫ್ ಮಾಡ್ಸು...

ಯಾರ್ನ ಕೇಳ್ಬೇಕು? ... ಸಾಹೇಬ್ರನ್ನ. ಅವ್ರೆಲ್ಲವ್ರೆ? ... ಓಹೋ, ಮುಖಂಡ್ರ ಕಾರಲ್ಲಿ. ಇಲ್ಲಿಗೇ ಬರ್ತಾವ್ರೆ, ಬಾಗಿನ ಬಿಡೋಕೆ. ಇಡೀ ಲೈನ್ ಹೋದ್ರೆ ಮೈಕ್ ನಿಲ್ಲುತ್ತೆ, ಮೈಕ್ ನಿಂತ್ರೆ ಭಾಷಣ ನಿಲ್ಲುತ್ತೆ, ಭಾಷಣ ನಿಂತ್ರೆ ನಿನ್ನ ಎತ್ತಿ ಕುಣಿಗಲ್ ಕಡೆ ಒಗೀತಾರೆ. ಅಷ್ಟಕ್ಕೇನಾ? ನಿನ್ನನ್ನ ನನ್ನ ಕೈಯಾರೆ ಎತ್ತಿ ಆಡ್ಸಿದೀನಲ್ಲ ಅಂತ ಅಸಹ್ಯ ಆಗುತ್ತೆ ಕಣೋ...

ಹೆಂಗಸ್ರನ್ನ ನೀರಿಗಿಳಿಸ್ಬೇಡಿ ಅಂತ ನನಗೇ ಹೇಳ್ಕೊಡ್ತೀಯಾ? ಈ ಕಡೆಯೋರ್ನ ತಡೆದಿದೀನಿ, ಮೊರ ಹಿಡ್ಕೊಂಡು ಏರಿ ಮೇಲೆ ನಿಂತವ್ರೆ. ಆಚೆ ದಡದಿಂದ ಕೆಳಗಿನ ಬೀದಿಯೋರು ಹೊರಟವ್ರಲ್ಲ, ಅವ್ರನ್ನ ಹೆಂಗೆ ನಿಲ್ಸ್ಲಿ? ಎಮ್ಮೆ ಸತ್ತಿದ್ದು ಅವ್ರಿಗೆ ಗೊತ್ತಿಲ್ಲ. ಕೋಡಿ ಬಿದ್ರೆ ಮೊದ್ಲು ಊರ ಮುತ್ತೈದೇರು ಹಳ್ಳಕ್ಕಿಳಿದು ಬಾಗಿನ ಬಿಡ್ಬೇಕು, ಆಮೇಲೆ ತಾನೆ ನಿನ್ನ ಮುಖಂಡ್ರು... ಕೂಗಿದೆ, ಗಂಟ್ಲು ಹರ್ಕೊಂಡೆ. ಕೋಡಿ ಸದ್ದಿಗೆ ಏನೂ ಕೇಳಲ್ಲ. ಮೈಕಿರೋದು ದೂರ, ಸ್ಕೂಲ್ ಹತ್ರ. ಬಾಗಿನ ಹೊತ್ತೋರು ಫೋನ್ ಹಿಡ್ಕೊಂಡು ಬರ್ತಾರೇನೋ? ಬೈಕಲ್ಲಿ ಆಳು ಅಟ್ಟಿದೀನಿ, ಬೆಳ್ಳಾವಿ ರೋಡ್ ಸುತ್ಕೊಂಡು ಹೋಗೋಷ್ಟ್ರಲ್ಲಿ...

ಮುಂದೆ ಯಾರವ್ಳೆ ಗೊತ್ತಾ? ಅಕ್ಷತಾ. ನನ್ನ ಸೊಸೆ, ನಿನ್ನ ಅತ್ತಿಗೆ. ಕೆಳಗಿನ ಬೀದೀಲೇ ಬೇರೆ ಮನೆ ಮಾಡವ್ರಲ್ಲ. ಹಸಿರು ಸೀರೆ, ಇಲ್ಲಿಂದ ಕಾಣ್ತಾವ್ಳೆ. ಕೈ ಬೀಸಿದ್ರೆ ಅವ್ಳೂ ಖುಷಿಯಾಗಿ ಕೈ ಬೀಸ್ತಾವ್ಳೆ...

ಗುರು, ಕೇಳಪ್ಪಾ. ಬೈದಿದ್ದೆಲ್ಲಾ ಹೊಟ್ಟೆಗೆ ಹಾಕ್ಕೋ... ಇಲ್ಲ, ಬೈದಿದ್ದು ಸರಿಯಾಗೇ ಐತೆ, ನಾಳೆನೂ ಬೈತೀನಿ. ಈಗ ಕೈ ಮುಗೀತೀನಿ. ಸಾಹೇಬ್ರನ್ನ ಬಿಟ್ಟಾಕು. ಮೊಬೈಲ್ ತಗೊಂಡು ಸಬ್‌ಸ್ಟೇಷನ್ನೋನಿಗೆ ಒಂದು ಮಾತು ಹೇಳು. ನನಗೆ ಭಯ ಆಗ್ತೈತೆ ಕಣೋ...

ಮಾಡ್ತಿದೀಯಾ? ಮಾಡು, ಮಾಡು... ಎತ್ತಿದ್ನಾ? ... ಏನಂತೆ ಅವ್ನದು? ಟವರ್ರಾ? ಹೌದು, ನಮ್ಮೂರ ಮೊಬೈಲ್ ಟವರ್ರೂ ಅದೇ ಲೈನು. ಅದ್ರ ಬ್ಯಾಟ್ರಿ ಯಾರೋ ಕದ್ದೋಗವ್ರೆ, ಕರೆಂಟ್ ಹೋದ್ರೆ ಫೋನೂ ಹೋಗುತ್ತೆ. ಸಾಹೇಬ್ರಿಗೆ ಫೋನ್ ಸಿಗಲ್ಲ ಅಂತ ಈಗ್ಲೂ ಯೋಚ್ನೆನಾ ನಿಮಗೆ? ಥೂ, ನಿಮ್ಮ ಜನ್ಮಕ್ಕೆ. ಫೋನ್ ಹೋದ್ರೆ ಹೋಗ್ಲಿ ಬಿಡೋ. ನನ್ನ ಫೋನ್ ಕಟ್ಟಾದ್ರೆ ನೀನು ತೆಗ್ಸಿದೆ ಅಂತ ತಿಳ್ಕೊಂತೀನಿ...

ಗುರು... ಮೊರ ಸೊಂಟಕ್ಕಿಟ್ಕೊಂಡ್ಲು. ನೆರಿಗೆ ಎತ್ತಿ ಸಿಗ್ಸ್ಕೊಂತಾವ್ಳೆ. ಹೇಳಿದ್ಯಾ ಅವ್ನಿಗೆ? ಏನಂದ? ಮಾತಾಡೋ... ಕಾಲು ಎತ್ತಿದ್ಲು ಗುರು, ತೆಗ್ಸೋ, ತೆಗ್...