ಮಲಗಿದ್ದನ್ನೂ ಕೊಲ್ಲುವ ಮಾತ್ರೆ

ಮನಿಲಾದ ತೊಂಡೊ ಆಸ್ಪತ್ರೆಯಲ್ಲಿ ಕ್ಷಯದ ಹೊಸ ಮಾತ್ರೆಗೆ ಕಾಯುತ್ತಿದ್ದ ಲುದಿವಿನಾ ಸಾಲಿನಲ್ಲಿ ಮುಂದಿದ್ದ ಅರ್ನೆಲ್‌ನನ್ನು ನೋಡಿ ಹಿಂದೆ ಸರಿದಳು. ಅವನ ತುಟಿ ಒಡೆದು ರಕ್ತ ಸೋರುತ್ತಿತ್ತು. ಹೊಡೆದವನು, ಅವನ ಹೆಂಡತಿಯ ಅಣ್ಣ, ಪಕ್ಕದಲ್ಲೇ ಅವನ ರಟ್ಟೆ ಹಿಡಿದು ನಿಂತಿದ್ದ.

"ಬಿಡು ಭಾವ, ಓಡೋಗಲ್ಲ."

"ಓಡು ನೋಡೋಣ, ಉಳಿದ ಹಲ್ಲೂ ಉದುರಿಸ್ತೀನಿ. ಮಾತ್ರೆ ಯಾಕೋ ಬಿಟ್ಟೆ?"

"ಕೆಮ್ಮು ನಿಂತಿತ್ತಲ್ಲ. ವಾಸಿಯಾಯ್ತು ಅಂದ್ಕೊಂಡೆ."

"ಕ್ರಿಮಿ ಸತ್ತಿರ್ಲಿಲ್ಲ ಕಣೋ, ಎದೇಲಿ ಮಲಗಿತ್ತು. ಎದ್ದು ಬಂದು ನಿನ್ ಮಗಳನ್ನ ಹಿಡೀತು."

ಅರ್ನೆಲ್ ಅಳತೊಡಗಿದ.

"ಈ ಹೊಸ ಮಾತ್ರೆ ಮಲಗಿರೋದನ್ನೂ ಬಿಡಲ್ವಾ?" ಎಂದು ಅಳುತ್ತಲೇ ಕೇಳಿದ.

"ಮಲಗಿದ್ರೂ ಬದುಕೋಕೆ ಅದಕ್ಕೆ ಚೂರು ಶಕ್ತಿ ಬೇಕಲ್ಲ? ಅದನ್ನೇ ಕಟ್ ಮಾಡುತ್ತಂತೆ, ಕತ್ತು ಹಿಸುಕಿದ ಹಾಗೆ. ನರ್ಸ್ ಹೇಳಿದ್ಲು. ಆದ್ರೆ ಬೇಗ ಸಾಯಲ್ಲ, ತಿಂಗಳುಗಟ್ಟಲೆ ಬಿಡದೆ ನುಂಗ್ಬೇಕು."

"ನನ್ನೇ ಸಾಯಿಸ್ಬಿಡು ಭಾವ."

"ನಿನ್ನೆ ಅದಕ್ಕೇ ಚಾಕು ತಂದಿದ್ದೆ. ನನ್ ತಂಗಿ ಕಾಲು ಹಿಡ್ಕೊಂಡ್ಲು."

ನರ್ಸ್ ಕಿಟಕಿಯಿಂದ ಎರಡು ಪೊಟ್ಟಣ ಕೊಟ್ಟಳು, ಅವನಿಗೊಂದು, ಮಗುವಿಗೊಂದು. ಮಗುವಿನದಕ್ಕೆ ಅರ್ನೆಲ್ ಕೈ ಚಾಚಿದಾಗ ಏಟು ಬಿತ್ತು.

"ಮೊದಲು ನಿಂದು ನುಂಗು. ಬಾಯಿ ತೆಗಿ."

ಅರ್ನೆಲ್ ನುಂಗಿ, ರಕ್ತದ ಬಾಯಿ ತೆರೆದು ತೋರಿಸಿದ. ಭಾವ ಬಗ್ಗಿ ನೋಡಿ, ಮಗುವಿನ ಪೊಟ್ಟಣವನ್ನು ಅವನ ಅಂಗೈಗೆ ತುರುಕಿದ.

"ನೀನೇ ಕೊಡು ಅವಳಿಗೆ. ಅಪ್ಪ ಎಲ್ಲಿ ಅಂತ ಬೆಳಗಿಂದ ಕೇಳ್ತಿದ್ದಾಳೆ."

ಲುದಿವಿನಾಳನ್ನು ದಾಟಿ ಇಬ್ಬರೂ ಮಕ್ಕಳ ವಾರ್ಡಿನ ಕಡೆಗೆ ನಡೆದರು.