ನಾಲ್ಕನೇ ಪ್ರೆಸ್ಸಿನ ಮೂರು ಸಾಲು

...ಹಾಗಲ್ಲಕ್ಕಾ, ಹಾಗಲ್ಲ! ನೀನು ಮೊದಲಿಂದಲೂ ತಪ್ಪು ತಿಳ್ಕೊಂಡಿದೀಯ. ಪ್ರೆಸ್ಸು ಕೆಟ್ಟಿರಲಿಲ್ಲ. ಬ್ಲೇಡೂ ಕೆಟ್ಟಿರಲಿಲ್ಲ. ಅದಕ್ಕೆ ಬೀಳು ಅನ್ನೋರು ಯಾರು, ನಿಲ್ಲು ಅನ್ನೋರು ಯಾರು? ಪ್ರೋಗ್ರಾಮು! ಬರವಣಿಗೆ! ಕಬ್ಬಿಣಕ್ಕೇನು ಗೊತ್ತು ಪಾಪ, ರಟ್ಟು ಯಾವುದು, ನಮ್ಮಕ್ಕನ ಬೆರಳು ಯಾವುದು ಅಂತ...

ಛೆ. ಆಯ್ತು, ಆಯ್ತು. ಬೆರಳಿನ ಮಾತು ತೆಗೆಯಲ್ಲ. ಗೋಡೆ ಕಡೆ ತಿರುಗಬೇಡ, ಈ ಕಡೆ ನೋಡು.

ಕಿತ್ತಳೆ ಬಿಡಿಸಿ ಕೊಡ್ಲಾ? ತೊಳೆ ತೊಳೆ ಬಿಡಿಸಿ, ನಾರೆಲ್ಲ ತೆಗೆದು, ಬೀಜವೂ ತೆಗೆದು... ಮೂರು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯ, ತಿನ್ನೋಕಾದ್ರೂ ತೆಗಿ. ಬೇಡ್ವಾ? ಇಲ್ಲೇ ಇಟ್ಟಿರ್ತೀನಿ. ಬೇಗ ತಿನ್ನು, ಪಕ್ಕದ ಮಂಚದ ಅಜ್ಜಿ ಆಗಲಿಂದ ಇದರ ಮೇಲೇ ಕಣ್ಣಿಟ್ಟಿದೆ. ಹಲ್ಲಿಲ್ಲದಿದ್ರೂ ಆಸೆಗೇನು ಕಮ್ಮಿ ಇಲ್ಲ!

ಎಂಟು ಉಳಿದಿದೆಯಲ್ಲಕ್ಕಾ. ಹತ್ತಕ್ಕೆ ಎಂಟು! ನಂಗೆ ಜನ್ಮದಲ್ಲಿ ಹತ್ತಕ್ಕೆ ಎಂಟು ಬಂದಿಲ್ಲ. ಬೇಕಾದ್ರೆ ಒಂಬತ್ತನೇ ಕ್ಲಾಸಿಂದ ಕತ್ತು ಹಿಡಿದು ದಬ್ಬಿದ್ರಲ್ಲ, ಆ ಹೆಡ್ಮಾಸ್ಟ್ರನ್ನೇ ಕೇಳು... ನಗಲ್ವಾ? ಇದಕ್ಕೂ ನಗಲ್ವಾ? ಮೊದಲಾಗಿದ್ರೆ ತಲೆ ಮೇಲೊಂದು ಮೊಟಕಿ ‘ಕೋತಿ ನನ್ಮಗನೆ’ ಅಂತಿದ್ದೆ.

ಸರಿ ಬಿಡು. ನಾಲ್ಕು ಗಂಟೆಗೆ ವಿಚಾರಣೆಯವರು ಬರ್ತಾರೆ. ಈಗ ಮೂರೂ ಕಾಲು. ಅಷ್ಟರೊಳಗೆ ಈ ಕಾಗದಕ್ಕೆ ನಿನ್ನ ಹೆಬ್ಬೆಟ್ಟು ಬೇಕು. ಎಡಗೈದಾದ್ರೂ ನಡೆಯುತ್ತಂತೆ, ಮ್ಯಾನೇಜರ್ ಹೇಳಿದ್ರು. ನೋಡು, ಶಾಯಿ ಡಬ್ಬೀನೂ ತಂದಿದೀನಿ. ಏನು ಬರೆದಿದೆ ಅಂತಾನಾ? ಏನಿಲ್ಲ... ಎರಡೇ ಮಾತು. ಪ್ರೋಗ್ರಾಮಿನಲ್ಲಿ ಬೇಕಾದ ಸಾಲು ಅಳಿಸಿದ್ದು ಮೇಷ್ಟ್ರು. ಅದರಿಂದ ಹೀಗಾಯ್ತು. ನಿಂಗೆ ಬೇರೆ ಯಾರ ಮೇಲೂ ಸಂಶಯ ಇಲ್ಲ. ಅಷ್ಟೇ.

ಹ್ಞೂಂ, ಅವರೇ. ಕಂಪ್ಯೂಟರ್ ರೂಮಿನ ನಮ್ಮ ಮೇಷ್ಟ್ರೇ. ಹುಬ್ಬು ಗಂಟು ಹಾಕಬೇಡ! ನಂಗೇನು ಖುಷೀನಾ? ಸ್ಕೂಲು ಬಿಡಿಸಿದ ಮೇಲೆ ಬೀದಿ ಅಳೀತಿದ್ದೋನನ್ನ ಕರೆದು, ಪಕ್ಕದಲ್ಲಿ ಕುರ್ಚಿ ಹಾಕಿ, ‘ಬಾರೋ, ನಿನ್ನ ತಲೇಲಿ ಮಣ್ಣಿಲ್ಲ, ಬರೀ ಧೂಳಿದೆ, ಒರೆಸಿದ್ರೆ ಹೋಗುತ್ತೆ’ ಅಂತ ಅಕ್ಷರ ಅಕ್ಷರ ಕಲಿಸಿದ್ದು ಅವರೇ. ಇಲ್ಲ ಅಂದ್ನಾ? ಆದರೆ ತಪ್ಪು ತಪ್ಪೇ ಅಲ್ವಾ ಅಕ್ಕಾ.

ಜೈಲಾ? ಅದು... ಆಗಬಹುದು. ಎರಡು ವರ್ಷಾನೋ ಮೂರೋ. ವಯಸ್ಸಾಯ್ತು ಬಿಡು ಅವರಿಗೂ. ಹಿಂದಿಲ್ಲ ಮುಂದಿಲ್ಲ, ಎಲ್ಲಿದ್ರೇನು... ಏ ಏಳಬೇಡ! ಏಳಬೇಡ ಅಂದ್ನಲ್ಲ, ಆ ಗ್ಲೂಕೋಸ್ ಟ್ಯೂಬು ಕಿತ್ತು ಬರುತ್ತೆ! ಮಲ್ಕೊ. ಮೊದಲು ಪೂರ್ತಿ ಕೇಳು.

ನಮ್ಮಲ್ಲಿ ರಟ್ಟು ಕತ್ತರಿಸೋ ಪ್ರೆಸ್ಸು ಎಷ್ಟಿದೆ? ಆರು. ಆರಕ್ಕೂ ಒಂದೇ ಕೆಲಸ. ಎರಡು ಗುಂಡಿ, ಎರಡು ಕೈ. ಎರಡೂ ಒತ್ತಿದ್ರೆ ಬ್ಲೇಡು ಬೀಳಬೇಕು. ಅಂದ್ಮೇಲೆ ಬರವಣಿಗೆ ಎಷ್ಟಿರಬೇಕು? ಒಂದು! ಆದರೆ ಯಾರೋ ಪುಣ್ಯಾತ್ಮ ಹಿಂದೆ ಅದನ್ನೇ ಆರು ಸಲ ನಕಲು ಹೊಡೆದು ಹೋಗಿದ್ದ. ನಾನು ಇಂಪೊಸಿಷನ್ ಬರೀತಿದ್ನಲ್ಲ, ಥೇಟ್ ಹಾಗೇ. ಹೋದ ವರ್ಷ ಕೆಂಪು ದೀಪ ಎಷ್ಟು ಹೊತ್ತು ಉರೀಬೇಕು ಅನ್ನೋದನ್ನ ಬದಲಾಯಿಸೋಕೆ ಹೋಗಿ ಮೇಷ್ಟ್ರು ಐದು ಕಡೆ ತಿದ್ದಿದ್ರು, ಆರನೇದು ಮರೆತರು. ಆರನೇ ಪ್ರೆಸ್ಸಿನ ದೀಪ ವಾರವಿಡೀ ಕಣ್ಣು ಹೊಡೀತಾನೇ ಇತ್ತು! ಪ್ಯಾಕಿಂಗಿನ ಡುಮ್ಮಣ್ಣ ತನಗೇ ಹೊಡೀತಿದೆ ಅಂತ ನಾಚ್ಕೊಂಡು...

ಸರಿ, ಸರಿ. ವಿಷಯಕ್ಕೆ ಬರ್ತೀನಿ.

ಅದಕ್ಕೇ ಮೇಷ್ಟ್ರು ಒಂದು ಸಾಫ್ಟ್‌ವೇರ್ ತಂದ್ರು. ಬರವಣಿಗೇಲಿ ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಲ್ಲೆಲ್ಲಿ ಕೂತಿದಾನೋ ಅಲ್ಲೆಲ್ಲ ಅದು ಹಳದಿ ಬಳಿಯುತ್ತೆ. ಆಮೇಲೆ ಒಂದು ಅಂಕ ಬೇರೆ ಕೊಡುತ್ತೆ, ಬರವಣಿಗೆ ಎಷ್ಟು ಕಗ್ಗಂಟಾಗಿದೆ ಅಂತ. ಹೀಗಾದ್ರೆ ಹಾಗೆ ಮಾಡು, ಆಗದಿದ್ರೆ ಹೀಗೆ ಮಾಡು, ಅದರೊಳಗೆ ಮತ್ತೆ ಹೀಗಾದ್ರೆ... ಕವಲು ಹೆಚ್ಚಿದಷ್ಟೂ ಅಂಕ ಹೆಚ್ಚು. ನನ್ನ ಪರೀಕ್ಷೆ ಥರ ಅಲ್ಲ, ಇಲ್ಲಿ ಅಂಕ ಕಮ್ಮಿ ಬಂದೋನೇ ಜಾಣ! ‘ಹತ್ತು ದಾಟಿದ್ರೆ ಓದೋನ ತಲೆಗೆ ಹಿಡಿಯಲ್ಲ ಕಣೋ, ತಪ್ಪು ಅಲ್ಲೇ ಅಡಗಿ ಕೂರುತ್ತೆ’ ಅಂತಿದ್ರು ಮೇಷ್ಟ್ರು. ಐದು ಪ್ರೆಸ್ಸಿಗೆ ಎಂಟೆಂಟು ಬಂತು. ನಿನ್ನ ನಾಲ್ಕನೇದಕ್ಕೆ ಮಾತ್ರ ಹನ್ನೊಂದು.

ಯಾಕೆ ಅಂದ್ರೆ... ಅದರಲ್ಲಿ ಮೂರು ಸಾಲು ಹೆಚ್ಚಿಗೆ ಇತ್ತು.

ನಾಲ್ಕನೇದು ಮುದಿ ಪ್ರೆಸ್ಸಲ್ವಾ? ಬೇರೆ ಐದರಲ್ಲಿ ಗುಂಡಿ ಒತ್ತಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬ್ಲೇಡು ಬೀಳುತ್ತೆ. ಇದು ಹಾಗಲ್ಲ. ಒತ್ತಿದ ಮೇಲೆ ಒಂದು ಗಳಿಗೆ ಯೋಚನೆ ಮಾಡುತ್ತೆ, ಸೊಂಟ ಹಿಡಿದ ಅಜ್ಜನ ಹಾಗೆ, ಆಮೇಲೆ ಬೀಳುತ್ತೆ. ಆ ಒಂದು ಗಳಿಗೇಲಿ ಏನು ಬೇಕಾದ್ರೂ ಆಗಬಹುದು. ಅದಕ್ಕೇ ಆ ಮೂರು ಸಾಲು: ಬೀಳೋ ಮುಂಚೆ ಇನ್ನೊಂದು ಸಲ ನೋಡು, ಎರಡೂ ಕೈ ಇನ್ನೂ ಗುಂಡಿ ಮೇಲಿದೆಯಾ? ಇಲ್ಲದಿದ್ರೆ ನಿಲ್ಲು.

ನಿಂಗೆ ಆ ಸಾಲು ಗೊತ್ತಿರಲಿಲ್ಲ. ಆದರೆ ನಿನ್ನ ಕೈಗೆ ಗೊತ್ತಿತ್ತು. ಹಾಳೆ ಸೊಟ್ಟಗಾದ್ರೆ ಗುಂಡಿ ಬಿಟ್ಟು ಬಲಗೈ ಒಳಗೆ ಹಾಕಿ ಸರಿ ಮಾಡ್ತಿದ್ದೆ. ಬಿಟ್ಟ ತಕ್ಷಣ ಅದು ನಿಲ್ತಿತ್ತು. ಎಂಟು ವರ್ಷ... ದಿನಕ್ಕೆ ಹತ್ತು ಸಲವಾದ್ರೂ... ಎಂಟು ವರ್ಷ ಅದು ನಿಂತೇ ನಿಂತಿತ್ತು.

ಯಾಕಕ್ಕಾ ಕಣ್ಣು ಮುಚ್ಕೊಂಡೆ? ನೋವಾ? ಮಾತ್ರೆ ಕೊಟ್ರಾ?

ಮುಗಿಸಿಬಿಡ್ತೀನಿ. ಮೇಷ್ಟ್ರೇ ಹೇಳಿದ್ರು, ನನ್ನ ಕಿವಿಯಾರೆ ಕೇಳಿದೀನಿ: ‘ಒಂದೇ ಥರ ಕಾಣೋದೆಲ್ಲ ಒಂದೇ ಅಲ್ಲ ಕಣೋ. ಈ ಮೂರು ಸಾಲು ಯಾರೋ ಸುಮ್ಮನೆ ಬರೆದಿರಲ್ಲ. ಫಿಟ್ಟರನ್ನ ಕೇಳೋವರೆಗೂ ನಾಲ್ಕನೇದರ ತಂಟೆಗೆ ಹೋಗಬಾರದು’ ಅಂತ. ಹಾಗಂದೋರೇ ಅಳಿಸಿದ್ರು ನೋಡು! ಹೇಳೋದು ಒಂದು, ಮಾಡೋದು ಇನ್ನೊಂದು!

ಸಾಕ್ಷಿ? ಸಾಕ್ಷಿ ಇಲ್ಲದೆ ಹೇಳ್ತೀನಾ? ಯಾರು ಯಾವಾಗ ಏನು ಬದಲಾಯಿಸಿದ್ರೂ ಆ ಕಂಪ್ಯೂಟರಲ್ಲಿ ದಾಖಲಾಗುತ್ತೆ. ಮಧ್ಯಾಹ್ನ ಒಂದು ಇಪ್ಪತ್ತು. ಆರು ಬರವಣಿಗೆ ಹೋಗಿ ಒಂದೇ ಆಯ್ತು. ಮಾಡಿದವರು: ಮೇಷ್ಟ್ರು. ಅವರ ಹೆಸರು, ಅವರ ಪಾಸ್‌ವರ್ಡು.

ಹಾಗೆ ನೋಡಬೇಡ. ನಂಗೆ ಅವರ ಪಾಸ್‌ವರ್ಡ್ ಗೊತ್ತಿತ್ತು, ನಿಜ. ಗೊತ್ತಿದ್ರೆ ಏನೀಗ? ಅವರ ಹೆಸರಲ್ಲಿ ಆರೂ ಪ್ರೆಸ್ಸಿನ ಪರದೆ ಮೇಲೆ ‘ಇಂದು ಯಜಮಾನರ ಮೀಸೆಗೆ ವಾರದ ರಜೆ’ ಅಂತ ಬರೆಸಿದ್ದೆ, ಒಪ್ಕೋತೀನಿ. ನೀನೇ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ಆವತ್ತು! ಅದು ತಮಾಷೆ. ಇದು ಬೇರೆ. ನಾನ್ಯಾರು ಅಲ್ಲಿ? ಪರದೆ ಒರೆಸೋನು, ಚಹಾ ತರೋನು. ನಂಗೆ ಇಷ್ಟೆಲ್ಲ ಎಲ್ಲಿ ಬರುತ್ತೆ? ಆರನ್ನ ಒಂದು ಮಾಡೋದು ಅಂದ್ರೆ ಹುಡುಗಾಟವಾ? ಒಂದೊಂದೇ ತೆಗೆದು, ಪಕ್ಕ ಪಕ್ಕ ಇಟ್ಟು, ಆರರಲ್ಲೂ ಒಂದೇ ಥರ ಇದ್ದಿದ್ದನ್ನ ಮೇಲಕ್ಕೆ ಎಳ್ಕೊಂಡು... ಎಂಟುನೂರು ಸಾಲು ಇದ್ದಿದ್ದು ನೂರ ನಲವತ್ತಕ್ಕೆ ಇಳೀತು ಗೊತ್ತಾ! ಪರದೆ ತುಂಬ ಇದ್ದ ಹಳದಿ ಒಂದೇ ಏಟಿಗೆ ಮಾಯ! ಹನ್ನೊಂದೂ ಇಲ್ಲ ಪನ್ನೊಂದೂ ಇಲ್ಲ, ಬರೀ ಎಂಟು! ಮೈ ಜುಮ್ಮಂತು...

...ಅವರಿಗೆ. ಅಂದ್ರೆ, ಮೇಷ್ಟ್ರಿಗೆ ಹಾಗಾಗಿರಬೇಕು ಅಂದೆ.

ಇನ್ನೂ ಇದೆ ಕೇಳು. ಇದು ಕೇಳಿದ್ರೆ ನೀನೇ ಹೆಬ್ಬೆಟ್ಟು ಒತ್ತುತೀಯ. ನಿಂಗೆ ಏಟಾಗಿದ್ದು ಎರಡು ಗಂಟೆ ಐದು ನಿಮಿಷಕ್ಕೆ. ಎರಡು ಏಳಕ್ಕೆ, ಸರಿಯಾಗಿ ಎರಡು ಏಳಕ್ಕೆ, ಮತ್ತೊಂದು ದಾಖಲೆ. ಅಳಿಸಿದ್ದನ್ನೆಲ್ಲ ವಾಪಸ್ ಹಾಕಿದಾರೆ! ಹಳೇ ಆರೂ, ಆ ಮೂರು ಸಾಲೂ, ಇದ್ದದ್ದು ಇದ್ದ ಹಾಗೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇದೇ! ತಪ್ಪಿಲ್ಲದೋನು ಯಾಕೆ ವಾಪಸ್ ಹಾಕ್ತಾನೆ? ನೀನು ಅಲ್ಲಿ ನೆಲದ ಮೇಲೆ ಬಿದ್ದು ಕಿರುಚ್ತಿದೀಯ, ಈ ಮನುಷ್ಯ ಇಲ್ಲಿ ಬಾಗಿಲು ಹಾಕ್ಕೊಂಡು ಕೂತು...

ಏನಕ್ಕಾ?

ಬ್ಯಾಂಡೇಜ್ ಯಾಕೆ ನೋಡ್ತಿದೀಯ? ಬಿಗಿ ಆಯ್ತಾ? ಚೆನ್ನಾಗೇ ಕಟ್ಟಿದಾರಲ್ಲ. ಇದು ಇಲ್ಲಿಯವರು ಕಟ್ಟಿದ್ದು. ಮೊದಲು ಕಟ್ಟಿದ್ದನ್ನ ಬಿಸಾಕಿದ್ರು, ರಕ್ತದಲ್ಲಿ ನೆಂದು ತೊಪ್ಪೆಯಾಗಿತ್ತು. ನೀಲಿ ಗೆರೆಯದ್ದು. ಮೇಷ್ಟ್ರ ಶರ...

...

ಮೇಷ್ಟ್ರ ಶರ್ಟು.

ಗಡಿಯಾರ ಹಿಂದೆ ಮುಂದೆ ಇರಬಹುದಕ್ಕಾ! ಆ ಕಂಪ್ಯೂಟರಿನ ಗಡಿಯಾರ ಯಾವಾಗಲೂ... ಆಮೇಲೆ ಹೋಗಿ ಮಾಡಿರಬಹುದು, ನಿನ್ನ ಕೈ ಕಟ್ಟಿ ಆದ ಮೇಲೆ... ಇಲ್ಲ. ಅವರು ಆಂಬುಲೆನ್ಸಲ್ಲೇ ಬಂದ್ರಲ್ಲ. ಬನಿಯನ್ನಲ್ಲೇ ಬಂದ್ರು. ನಿನ್ನ ಕೈ ಮೇಲೆತ್ತಿ ಹಿಡಿದೋರು ಇಲ್ಲಿ ಬರೋವರೆಗೂ ಬಿಡಲಿಲ್ಲ.

ಏನಾದ್ರೂ ಅನ್ನು. ಅಕ್ಕಾ, ಹಾಗೆ ನೋಡಬೇಡ, ಏನಾದ್ರೂ ಅಂದುಬಿಡು. ಕೋತಿ ಅನ್ನು. ಹಂದಿ ಅನ್ನು.

ಮೇಷ್ಟ್ರಿಗೆ ಹುಟ್ಟುಹಬ್ಬ ಇತ್ತು ಆವತ್ತು. ಊಟ ಮುಗಿಸಿ ಬರೋದ್ರೊಳಗೆ ಹಳದಿ ಪೂರ್ತಿ ಅಳಿಸಿಟ್ಟು, ಅವರ ಹೆಸರಲ್ಲೇ ಹಾಕಿಟ್ಟು, ಬಂದ ಮೇಲೆ ‘ಮೇಷ್ಟ್ರೇ, ನೀವು ನಿದ್ದೇಲಿ ಕೆಲಸ ಮಾಡಿದೀರ’ ಅನ್ನೋಣ ಅಂತ... ಅಷ್ಟೇ ಕಣಕ್ಕಾ. ಅಷ್ಟೇ ಇದ್ದಿದ್ದು. ಆ ಮೂರು ಸಾಲು ಕಣ್ಣಿಗೆ ಬೀಳಲಿಲ್ಲ ಅಂತಲ್ಲ. ಓದಿದೆ. ಎರಡು ಸಲ ಓದಿದೆ. ಒಂದು ಸಲ ನೋಡಿ ಆಯ್ತಲ್ಲ, ಮತ್ತೆ ಯಾಕೆ ನೋಡಬೇಕು, ಇದನ್ನ ಬರೆದೋನಿಗೇನು ಮರೆಗುಳಿ ರೋಗವಾ ಅಂತ ನಕ್ಕೊಂಡೇ ಅಳಿಸಿದೆ. ನಾಲ್ಕನೇದು ನಿನ್ನ ಪ್ರೆಸ್ಸು ಅಂತ ಆಗ ತಲೆಗೇ ಬರಲಿಲ್ಲ. ಪರದೆ ಮೇಲೆ ಬರೀ ನಾಲ್ಕು ಅಂತಿರುತ್ತೆ ಅಕ್ಕಾ. ಅಲ್ಲಿ ನೀನಿರಲ್ಲ.

ಮೇಷ್ಟ್ರಿಗೆ ಗೊತ್ತು. ಆವತ್ತು ಸಂಜೆಯೇ ದಾಖಲೆ ನೋಡಿದ್ರು. ನನ್ನ ಮುಖ ನೋಡಿದ್ರು. ‘ಯಾವಾಗ ಹೇಳ್ತೀಯೋ?’ ಅಂದ್ರು. ಬೈಯಲಿಲ್ಲ. ಮ್ಯಾನೇಜರ್ ಬಂದು ಕೇಳಿದಾಗಲೂ ನನ್ನ ಹೆಸರು ಎತ್ತಲಿಲ್ಲ. ದಿನಾ ಬಂದು ಹೊರಗೆ ಬೆಂಚಿನ ಮೇಲೆ ಕೂರ್ತಾರೆ. ಇವತ್ತೂ ಕೂತಿದಾರೆ. ಅಕ್ಕನಿಗೆ ನಿಮ್ಮ ಮುಖ ನೋಡೋಕೆ ಇಷ್ಟವಿಲ್ಲ ಅಂತ ನಾನೇ ಸುಳ್ಳು ಹೇಳಿ ಅಲ್ಲೇ ಕೂರಿಸಿದೀನಿ.

ಅಮ್ಮನ್ನ ಯಾರು ನೋಡ್ಕೋತಾರೆ ಹೇಳು? ನೀನು ಹೀಗೆ, ನಾನೂ ಒಳಗೆ ಹೋದ್ರೆ... ಅದಕ್ಕೇ ಕಣಕ್ಕಾ ಈ ಕಾಗದ. ಅದಕ್ಕೇ...

ಯಾಕೆ? ಯಾಕೆ ನನ್ನ ಕಡೆ ತಳ್ತೀಯ? ಶಾಯಿ ಡಬ್ಬೀನೂ? ಹಿಂದುಗಡೆ? ಹಿಂದುಗಡೆ ಖಾಲಿ ಇದೆ... ನಾನಾ? ನಾನು ಬರೀಬೇಕಾ?

ಬರೀತೀನಿ. ಬರೀತೀನಿ, ಆಯ್ತಲ್ಲ. ಪೆನ್ನು... ಇದೆ. ಒಂದು ಇಪ್ಪತ್ತಕ್ಕೆ ಅಳಿಸಿದ್ದು ನಾನು. ಆಯ್ತಾ? ಇಷ್ಟು ಸಾಕಾ?

ಇನ್ನೂ ಯಾಕೆ ನೋಡ್ತೀಯ? ಎಲ್ಲ ಹೇಳಿದ್ನಲ್ಲ!

ಎರಡು ಏಳಾ...

ಅದು ಬೇಡಕ್ಕಾ. ಅದೊಂದು ಬೇಡ. ಅದನ್ನ ಬರೆದ್ರೂ ಬರೀದಿದ್ರೂ ನಿನ್ನ ಕೈಯೇನು... ಎಲ್ಲರೂ ಓಡಿ ಬಂದ್ರು, ನೀನೊಬ್ಬ ಎಲ್ಲಿದ್ದೆ ಅಂತ ತಾನೇ? ಮೂರು ದಿನದಿಂದ ಅದನ್ನೇ ತಾನೇ ನೀನು...

ಕೇಳಿಸ್ತು. ನೀನು ಕೂಗಿದ್ದು ಕೇಳಿಸ್ತು. ಕಂಪ್ಯೂಟರ್ ರೂಮಿನ ಗಾಜಿನ ಬಾಗಿಲು ಹಾಕಿತ್ತು, ಆರೂ ಪ್ರೆಸ್ಸು ಓಡ್ತಿತ್ತು, ಆದ್ರೂ ನಿನ್ನ ದನಿ ಗೊತ್ತಾಗಲ್ವಾ ನಂಗೆ? ಚಿಕ್ಕೋನಿದ್ದಾಗ ನಾಲ್ಕು ಬೀದಿ ಆಚೆಯಿಂದ ನೀನು ಕರೆದ್ರೂ ಗೊತ್ತಾಗ್ತಿತ್ತು. ನನ್ನ ಹೆಸರು ಹಿಡಿದೇ ಕೂಗಿದೆ. ಎದ್ದೆ ಅಕ್ಕಾ. ನಿಜವಾಗ್ಲೂ ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತು, ಬಾಗಿಲ ಹಿಡಿಗೆ ಕೈ ಹಾಕಿದ್ದೆ...

ಆಮೇಲೆ ಪರದೆ ಕಡೆ ತಿರುಗಿ ನೋಡಿದೆ. ಕುರ್ಚಿ ಎತ್ತಿ ನಿಲ್ಲಿಸಿದೆ. ಮತ್ತೆ ಕೂತೆ.